ದಿನ ಬದಲಾಗುವ ಹೊತ್ತು

ನನ್ನ ದೊಡ್ಡಪ್ಪನ ಕಾಲಿನ ಮಂಡಿ ಕೈಕೊಟ್ಟ ವರ್ಷವೇ ನಾನು ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿದ್ದು. ಹೀಗೆಂದರೆ ಎರಡಕ್ಕೂ ಏನು ಸಂಬಂಧ ಎಂದು ಎಲ್ಲರೂ ಕೇಳುತ್ತಾರೆ. ಸಂಬಂಧ ಒಂದು ಬಾವಿ.

ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಗೆ ಹೋಗುವಾಗ ಸಿಗುವ ನನ್ನ ತವರೂರಿನಲ್ಲಿ ಒಂದು ಸಣ್ಣ ಕೆರೆಯಿದೆ. ಅದರ ಏರಿ ಇಳಿದರೆ ಆ ಬಾವಿ. ಆರು ಮನೆಯವರಿಗೆ ಸೇರಿದ್ದು. ಕೆರೆಯ ಒರತೆ ಇರುವುದರಿಂದ ಸುತ್ತಲ ಬೋರ್‌ಗಳು ಗಾಳಿ ಉಗುಳುವ ಬೇಸಿಗೆಯಲ್ಲೂ ಅದರಲ್ಲಿ ನೀರಿರುತ್ತದೆ. ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಯ ಸರದಿ. ಸೋಮವಾರ ಯಾರದ್ದೂ ಅಲ್ಲ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಾವಿಯ ಮೋಟಾರನ್ನೂ ಹಾಕುವುದಿಲ್ಲ. ಆವತ್ತು ಬೆಳಿಗ್ಗೆ ಆರೂ ಮನೆಯವರು ಬಾವಿಯ ಹತ್ತಿರದ ಚಪ್ಪಡಿ ಕಲ್ಲಿನ ಮೇಲೆ ಕೂತು ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು ಏಳುತ್ತಾರೆ. ನಾನು ಚಿಕ್ಕವಳಿದ್ದಾಗಲೂ ಹೀಗೇ ಇತ್ತು.

ಸರದಿ ಬದಲಿಸುವ ಕೆಲಸ ದೊಡ್ಡಪ್ಪನದಾಗಿತ್ತು. ಬಾವಿಯಿಂದ ಹೊರಟ ಪೈಪು ಆರಾಗಿ ಒಡೆಯುವ ಜಾಗದಲ್ಲಿ ಆರು ಗೇಟ್‌ವಾಲ್‌ಗಳಿವೆ. ಅವಕ್ಕೆ ತಿರುಗಿಸುವ ಚಕ್ರ ಇಲ್ಲ. ಉದ್ದನೆಯ ಕಬ್ಬಿಣದ ಕೀಲಿಯೊಂದನ್ನು ಇಳಿಬಿಟ್ಟು ತಿರುಗಿಸಬೇಕು, ಆ ಕೀಲಿ ಇದ್ದದ್ದು ದೊಡ್ಡಪ್ಪನ ಹತ್ತಿರ ಮಾತ್ರ. ದಿನಾ ಬೆಳಗಿನ ಜಾವ ಎದ್ದು, ಅಂಗೈ ಗೆರೆ ಕಾಣುವ ಹೊತ್ತಿಗೆ ಏರಿ ದಾಟಿ ಹೋಗಿ ಒಂದು ವಾಲ್ ಮುಚ್ಚಿ ಇನ್ನೊಂದನ್ನು ತೆರೆದು ಬರುತ್ತಿದ್ದರು. ಅದಾದ ಮೇಲೆ ಇಡೀ ದಿನ, ಇಡೀ ರಾತ್ರಿ, ಕರೆಂಟು ಯಾವಾಗ ಬಂದರೂ ಆ ನೀರು ಆ ಮನೆಯದ್ದೇ. ಆರು ಮನೆಯಲ್ಲಿ ಒಬ್ಬರಿಗೊಬ್ಬರಿಗೆ ಬೇರೆ ವಿಷಯದಲ್ಲಿ ಎಷ್ಟು ಮುನಿಸಿದ್ದರೂ ಈ ವಿಷಯದಲ್ಲಿ ದೊಡ್ಡಪ್ಪನನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ. ನೀರು ತೀರ ತಳ ಕಂಡ ವರ್ಷ ಅವರು ಮೊದಲು ಮುಚ್ಚಿದ್ದು ತಮ್ಮ ಗುರುವಾರದ ವಾಲನ್ನೇ ಎಂಬುದನ್ನು ಎಲ್ಲರೂ ನೋಡಿದ್ದರು.

ಮಂಡಿ ಆಪರೇಷನ್ ಆಯಿತು. ಏರಿ ಹತ್ತಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಕೀಲಿ ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆಗೆ ಮೂರು ಸೋಮವಾರ ಕೂತರೂ ಉತ್ತರ ಸಿಗಲಿಲ್ಲ. ಮಂಗಳವಾರದವರಿಗೆ ಕೊಟ್ಟರೆ ಬುಧವಾರದವರಿಗೆ ಅನುಮಾನ, ದೊಡ್ಡಪ್ಪನ ಮನೆಯವರಿಗೇ ಕೊಟ್ಟರೆ ಮಿಕ್ಕ ಐದು ಮನೆಗೂ ಅನುಮಾನ. ‘ಹಂಗಾದ್ರೆ ಒಬ್ಬೊಬ್ಬರು ಒಂದೊಂದು ಬೋರ್ ಕೊರ್ಸ್ಕೊಳ್ಳೋಣ ಬಿಡ್ರಿ’ ಎಂದು ಯಾರೋ ಅಂದರಂತೆ. ಅದನ್ನು ನನಗೆ ಹೇಳಿದವರು ದೊಡ್ಡಪ್ಪ. ಆರು ಬೋರ್ ಬಿದ್ದರೆ ಬಾವಿಯ ಒರತೆ ಬತ್ತುತ್ತದೆ. ಅದಕ್ಕಿಂತ ಮೊದಲೇ ಚಪ್ಪಡಿ ಕಲ್ಲಿನ ಮೇಲೆ ಕೂರುವುದು ನಿಲ್ಲುತ್ತದೆ.

‘ಬಾವಿ ಆರು ಮನೇದಾಗೇ ಉಳೀಬೇಕು ಕಣೇ. ನೀನೇನೋ ಮಿಷನ್ನು ಗಿಷನ್ನು ಅಂತೀಯಲ್ಲ, ವಾಲ್ ತಿರುಗ್ಸೋ ಮಿಷನ್ನು ಐತಾ?’ ಎಂದರು.

ನಾನು ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾ ಅಲ್ಲಿನ ಲ್ಯಾಬ್ ನೋಡಿಕೊಳ್ಳುವವಳು. ಮನೆ ಬೀರೂರಿನಲ್ಲಿ, ಗಂಡ ರೈಲ್ವೆಯವರು, ಕಾಲೇಜು ಕಡೂರಿನ ಆಚೆ. ‘ಐತೆ’ ಎಂದುಬಿಟ್ಟೆ. ಯೋಚಿಸಿ ಉತ್ತರ ಕೊಡುವ ಅಭ್ಯಾಸ ನನಗೆ ಮೊದಲಿಂದಲೂ ಕಡಿಮೆ.

ಕರೆಂಟಿನಿಂದ ತೆರೆದು ಮುಚ್ಚುವ ವಾಲ್‌ಗಳು ತರೀಕೆರೆಯ ಅಂಗಡಿಯೊಂದರಲ್ಲಿ ಸಿಕ್ಕವು. ಅವಕ್ಕೆ ಯಾವ ದಿನ ಯಾವುದು ತೆರೆಯಬೇಕೆಂದು ಹೇಳಲು ಒಂದು ಪುಟ್ಟ ಕಂಪ್ಯೂಟರ್ ಬೇಕಿತ್ತು. ಲ್ಯಾಬಿನಲ್ಲಿ ಕೆಲಸಕ್ಕೆ ಬಾರದೆಂದು ಪಕ್ಕಕ್ಕಿಟ್ಟಿದ್ದ ಅಂಗೈಯಗಲದ ಹಳೆಯ ಬೋರ್ಡೊಂದನ್ನು ಕೇಳಿ ತಂದೆ. ಅದರ ನೆನಪಿನ ಜಾಗ ಎಷ್ಟು ಕಡಿಮೆ ಎಂದರೆ ಈಗಿನ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಹಾಕಿದರೆ ತುಂಬಿಹೋಗುತ್ತದೆ. ಸಿದ್ಧವಾಗಿ ಸಿಗುವ ಯಾವ ಆಪರೇಟಿಂಗ್ ಸಿಸ್ಟಮ್ಮೂ ಅದರೊಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ದಿನಕ್ಕೆ ಹತ್ತು ಸಲ ಹೋಗಿ ಬರುವ ನಮ್ಮ ಹಳ್ಳಿಯ ಕರೆಂಟಿಗೆ ಕೆಟ್ಟು ಕೂರುತ್ತದೆ. ಹಾಗಾಗಿ ಸೋರ್ಸ್‌ನಿಂದ, ಎಂದರೆ ಮನುಷ್ಯರು ಓದಬಹುದಾದ ಅದರ ಮೂಲ ಬರಹದಿಂದ, ನಾನೇ ಕಟ್ಟಿಕೊಳ್ಳುವುದು ಎಂದಾಯಿತು. ಮೂಲ ಬರಹ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪುಕ್ಕಟೆ. ಅಂಗಡಿಯ ಖಾರದಪುಡಿ ಬಿಟ್ಟು, ನಾವೇ ಮೆಣಸಿನಕಾಯಿ ಧನಿಯ ಹುರಿದು ಮಿಲ್ಲಿಗೆ ಹಾಕಿಸಿಕೊಂಡು ಬರುವ ಹಾಗೆ. ಏನು ಹಾಕಬೇಕು, ಏನು ಬಿಡಬೇಕು ಎಂಬುದು ನಮಗೆ ಸೇರಿದ್ದು.

ಈ ಕೆಲಸದಲ್ಲಿ ಮೊದಲ ಘಟ್ಟ ಪ್ರಶ್ನೆಗಳಿಗೆ ಉತ್ತರಿಸುವುದು. ನೀಲಿ ಪರದೆಯ ಮೇಲೆ ಉದ್ದದ ಪಟ್ಟಿ ಬರುತ್ತದೆ, ಪ್ರತಿ ಸಾಲಿನ ಮುಂದೆ ಒಂದು ಪುಟ್ಟ ಚೌಕ. ಬೇಕಾದರೆ ಗುರುತು ಹಾಕು, ಬೇಡವಾದರೆ ಖಾಲಿ ಬಿಡು. ಒಂದು ಸಾಲಿನೊಳಗೆ ಹೊಕ್ಕರೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು. ಧ್ವನಿ ಬೇಕಾ? ಬೇಡ. ಕ್ಯಾಮೆರಾ? ಬೇಡ. ಟೀವಿ, ಜಾಯ್‌ಸ್ಟಿಕ್, ಹ್ಯಾಮ್ ರೇಡಿಯೋ? ಬಾವಿಯ ಹತ್ತಿರ ಯಾರು ಆಟ ಆಡುತ್ತಾರೆ, ಬೇಡ. ಪ್ರಿಂಟರ್ ಬೇಡ, ಮೌಸ್ ಬೇಡ, ಕೀಬೋರ್ಡೂ ಬೇಡ. ಒಂದು ವಾರ ಸಂಜೆ ಊಟಕ್ಕೆ ಮುಂಚೆ ಅದನ್ನೇ ಮಾಡಿದೆ. ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದ ನನ್ನ ಗಂಡ, ‘ನಿನ್ನ ನೋಡೋಕ್ ಬಂದಾಗ ನಿಮ್ಮಪ್ಪ ನನಗೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ’ ಎಂದರು. ಕೇಳಿದ್ದರೆ ಚೆನ್ನಾಗಿತ್ತು ಎಂದೆ.

ಬೇಡ ಎನ್ನುವುದರಲ್ಲಿ ಒಂದು ಸುಖವಿದೆ ಎಂದು ನನಗೆ ಆ ವಾರ ಗೊತ್ತಾಯಿತು. ಒಂದೊಂದು ಬೇಡಕ್ಕೂ ಗಂಟು ಹಗುರವಾಗುತ್ತಿತ್ತು. ಬೇರೆಯವರಾದರೆ ಇದನ್ನೂ ಇಟ್ಟುಕೊಳ್ಳುತ್ತಿದ್ದರು, ನಾನು ನೋಡು, ಅದೂ ಇಲ್ಲದೆ ನಡೆಸುತ್ತೇನೆ ಎಂಬ ಜಂಬ ತಲೆಗೇರಿತು. ಆ ಭರದಲ್ಲೇ ಒಂದು ಕಡೆ, ದೇಶ ದೇಶಗಳ ಸಮಯದ ಪಟ್ಟಿ ಬೇಕಾ ಎಂದು ಕೇಳಿತು. ಭೂಮಿಯ ಯಾವ ಮೂಲೆಯಲ್ಲಿ ಗಡಿಯಾರ ಎಷ್ಟು ಹಿಂದೆ ಮುಂದೆ ಎಂಬ ಪಟ್ಟಿ ಅದು. ನಮ್ಮ ಬಾವಿ ಯಾವ ದೇಶಕ್ಕೂ ಹೋಗುವುದಿಲ್ಲ. ಬೇಡ ಎಂದೆ.

ಉತ್ತರ ಮುಗಿದ ಮೇಲೆ ಕಟ್ಟುವ ಕೆಲಸ ಯಂತ್ರದ್ದು. ಅದು ಮೊದಲು ಆ ಬೋರ್ಡಿನ ಭಾಷೆಗೆ ತಿರುಗಿಸುವ ಸಾಧನಗಳನ್ನೇ ಕಟ್ಟಿಕೊಳ್ಳುತ್ತದೆ, ಆಮೇಲೆ ಅವುಗಳಿಂದ ಉಳಿದದ್ದನ್ನು. ಅಡುಗೆಗೆ ಮುಂಚೆ ಒಲೆ ಹಾಕಿಕೊಂಡ ಹಾಗೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದು ಇಡೀ ಹಗಲಿನ ಕೆಲಸ. ಬೆಳಿಗ್ಗೆ ಶುರು ಮಾಡಿ ಕಡೂರಿನ ಬಸ್ಸು ಹತ್ತಿ, ಸಂಜೆ ಬಂದು ನೋಡಿದರೆ ಪರದೆಯ ಮೇಲೆ ಇನ್ನೂ ಸಾಲುಗಳು ಓಡುತ್ತಿರುತ್ತಿದ್ದವು, ಲ್ಯಾಪ್‌ಟಾಪು ರೊಟ್ಟಿ ಹಂಚಿನಷ್ಟು ಕಾದಿರುತ್ತಿತ್ತು. ಮೊದಲ ಸಲ ಬೋರ್ಡಿಗೆ ಹಾಕಿದಾಗ ಎರಡು ಕ್ಷಣ ಓಡಿ, ಪ್ಯಾನಿಕ್, ಎಂದರೆ ದಿಗಿಲು, ಎಂದು ಬರೆದು ನಿಂತೇಹೋಯಿತು. ಹುಡುಕಿ ನೋಡಿದರೆ, ಅದು ತನ್ನದೇ ಫೈಲುಗಳ ಉಗ್ರಾಣವನ್ನು ಓದಲು ಬೇಕಾದ ಭಾಗಕ್ಕೂ ನಾನು ಬೇಡ ಎಂದಿದ್ದೆ. ನಾಚಿಕೆಯಾಯಿತು, ಯಾರಿಗೂ ಹೇಳಲಿಲ್ಲ. ಮೂರನೆಯ ಸಲಕ್ಕೆ ಸರಿಹೋಯಿತು. ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಬರೆಯುತ್ತಾ ಬಂದು, ಕೊನೆಗೆ ನನ್ನ ಅಪ್ಪಣೆಗೆ ಕಾಯುವ ಹಾಗೆ ಒಂದು ಗುರುತು ಮಿಣುಕಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ಹೊಡೆದೆ.

ಬೋರ್ಡನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮೋಟಾರ್ ಶೆಡ್ಡಿನೊಳಗೆ ಗೋಡೆಗೆ ಕೂರಿಸಿ, ಮೋಟಾರಿನ ಕರೆಂಟು ಇಲ್ಲದ ಹೊತ್ತಲ್ಲೂ ಇರುವ ದೀಪದ ಲೈನಿಗೆ ಸೇರಿಸಿದೆವು. ಕರೆಂಟು ಹೋದರೂ ಗಡಿಯಾರ ನಿಲ್ಲದಿರಲೆಂದು ಬೋರ್ಡಿಗೆ ಗುಂಡಿ ಗಾತ್ರದ ಸೆಲ್ ಇತ್ತು. ಅಂದಂದಿನ ವಾರ ನೋಡಿಕೊಂಡು ಆ ಮನೆಯ ವಾಲ್ ತೆರೆಯುವುದು, ಸೋಮವಾರ ಮೋಟಾರು ಏಳದಂತೆ ತಡೆಯುವುದು, ಇಷ್ಟೇ ಅದರ ಕೆಲಸ. ಕೈಯಿಂದ ತಿರುಗಿಸುವ ಹಳೆಯ ವಾಲ್‌ಗಳನ್ನು ತೆಗೆಯಲಿಲ್ಲ, ತೆರೆದು ಬಿಟ್ಟೆವು. ಪೆಟ್ಟಿಗೆ ಆರಿದರೆ ಹೊಸ ವಾಲ್‌ಗಳೆಲ್ಲ ತೆರೆದೇ ಇರುತ್ತವೆ, ಅದು ಕೆಟ್ಟ ದಿನಕ್ಕೆ ಇವು ಇರಲಿ ಎಂದು. ದೊಡ್ಡಪ್ಪ ಕೀಲಿಯನ್ನು ಪಡಸಾಲೆಯ ಮೊಳೆಗೆ ನೇತುಹಾಕಿದರು. ಆರೂ ಮನೆಯವರು ಮೊದಮೊದಲು ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ ಇಣುಕುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಒಳಗಿನಿಂದ ಟಕ್ ಎಂಬ ಸದ್ದು ಬರುತ್ತಿತ್ತು, ಒಂದು ಮುಚ್ಚಿ ಇನ್ನೊಂದು ತೆರೆಯುತ್ತಿತ್ತು. ಹೊಲದ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಎರಡರಲ್ಲೂ ಎರಡು ತಿಂಗಳು ಒಂದು ಹನಿ ಆಚೀಚೆ ಆಗಲಿಲ್ಲ. ಬೋರ್ ಕೊರೆಸುವ ಮಾತು ತಾನಾಗಿ ನಿಂತಿತು.

ಅದು ಬೆಳಕು ಹರಿಯುವ ಹೊತ್ತಿಗೇ ಯಾಕೆ ಟಕ್ ಅನ್ನುತ್ತದೆ ಎಂದು ನಾನು ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಎಲ್ಲರೂ ಹೊಗಳುತ್ತಿರುವಾಗ ಯಾರು ಕೇಳಿಕೊಳ್ಳುತ್ತಾರೆ?

ಪೆಟ್ಟಿಗೆಯ ಮುಂಭಾಗದಲ್ಲಿ ಸಮಯ ತೋರಿಸುವ ಸಣ್ಣ ಪರದೆಯಿತ್ತು. ಒಂದು ಭಾನುವಾರ ನಾನು ಊರಿಗೆ ಹೋದಾಗ ದೊಡ್ಡಪ್ಪ, ‘ನಿನ್ನ ಪೆಟ್ಟಿಗೇಲಿ ಟೈಮ್ ಸರಿಯಿಲ್ಲ ಕಣೇ. ಬೆಳಿಗ್ಗೆ ಒಂಬತ್ತಕ್ಕೆ ಮೂರೂವರೆ ಅಂತ ತೋರ್ಸುತ್ತಂತೆ’ ಎಂದು ನಕ್ಕರು. ನನ್ನ ಮುಖ ಕೆಂಪಾಗಿರಬೇಕು. ‘ಸರದಿ ಸರ್ಯಾಗೈತಲ್ಲ, ಬಿಡು. ಟೈಮ್ ನೋಡಾಕೆ ಯಾರು ಅಲ್ಲಿಗಂಟ ಹೋಗ್ತಾರೆ’ ಎಂದೂ ಸೇರಿಸಿದರು.

ಬಿಡುವ ಜಾಯಮಾನ ನನ್ನದಲ್ಲ. ಐದೂವರೆ ಗಂಟೆ ಹಿಂದೆ ಎಂದ ಕೂಡಲೇ ಗೊತ್ತಾಯಿತು, ಪೆಟ್ಟಿಗೆ ಲಂಡನ್ನಿನ ಕಡೆಯ ಗಡಿಯಾರದಂತೆ ನಡೆಯುತ್ತಿದೆ. ಕಂಪ್ಯೂಟರುಗಳು ಒಳಗೆ ಇಟ್ಟುಕೊಳ್ಳುವುದು ಅದೇ ಸಮಯವನ್ನು, ನಮ್ಮ ದೇಶದ ಪಟ್ಟಿ ನೋಡಿ ಐದೂವರೆ ಸೇರಿಸಿಕೊಳ್ಳುತ್ತವೆ. ಆ ಪಟ್ಟಿಗೇ ನಾನು ಬೇಡ ಎಂದಿದ್ದೆ. ಬೀರೂರಿಗೆ ಬಂದವಳೇ ನೀಲಿ ಪರದೆ ತೆರೆದು ಅಲ್ಲಿ ಗುರುತು ಹಾಕಿ, ಭಾರತ ಎಂದು ಆರಿಸಿ, ಮತ್ತೆ ಕಟ್ಟಿದೆ. ಮುಂದಿನ ಶನಿವಾರ ಮಧ್ಯಾಹ್ನ ಹೋಗಿ ಹೊಸದನ್ನು ಹಾಕಿದೆ. ಪರದೆಯ ಸಮಯವನ್ನು ನನ್ನ ಕೈಗಡಿಯಾರದ ಜೊತೆ ಹೋಲಿಸಿ, ನಿಮಿಷವೂ ತಪ್ಪಿಲ್ಲ ಎಂದು ದೊಡ್ಡಪ್ಪನಿಗೆ ಫೋಟೋ ತೋರಿಸಿ, ಸಂಜೆ ರೈಲಿಗೆ ವಾಪಸು ಬಂದೆ. ಆ ವಾರ ಹೊಲದ ಕರೆಂಟು ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ಇತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಭಾನುವಾರದ ಸರದಿ ಕೊನೆಯ ಮನೆಯದು. ಆ ಮನೆಯಾಕೆ ನನಗಿಂತ ಹತ್ತು ವರ್ಷ ಚಿಕ್ಕವಳು, ಗಂಡ ಲಾರಿ ಓಡಿಸುತ್ತಾನಾದ್ದರಿಂದ ಹೊಲವನ್ನೆಲ್ಲ ನೋಡುವವಳು ಅವಳೇ. ಈರುಳ್ಳಿ ಒಟ್ಲು, ಎಂದರೆ ನಾಟಿಗೆ ಸಸಿ ಬೆಳೆಸುವ ಮಡಿ, ಹಾಕಿ ಹನ್ನೆರಡು ದಿನವಾಗಿತ್ತು, ಸಸಿ ಸೂಜಿಯಷ್ಟು ಬಂದಿತ್ತು.

‘ಅಕ್ಕಾ, ಶನಿವಾರ ರಾತ್ರಿ ನೀರು ನನ್ನ ಮಡಿಗೆ ಯಾಕ್ ಬಂತು? ಮಡಿಯೆಲ್ಲ ಕೊಚ್ಕೊಂಡು ಹೋಗೈತೆ’ ಎಂದಳು. ಅಳುತ್ತಿರಲಿಲ್ಲ, ಅಳುವಷ್ಟು ಪುರುಸೊತ್ತೂ ಇರಲಿಲ್ಲ ಅನಿಸುತ್ತದೆ.

‘ಶನಿವಾರ ರಾತ್ರಿ ನಿನ್ನ ವಾಲ್ ತೆರೆಯೋಕೆ ಸಾಧ್ಯವೇ ಇಲ್ಲಮ್ಮ’ ಎಂದೆ.

‘ಹನ್ನೆರಡಕ್ಕೆ ತೆರೆದೈತೆ. ಶನಿವಾರದೋರು ಅರ್ಧ ಹೊಲ ಹಾಯಿಸಿದ್ರು, ನೀರು ನಿಂತೋಯ್ತಂತೆ. ನಾನು ಮನ್ಗಿದ್ದೆ. ನನ್ನ ಕಾಲುವೆ ಮಡಿ ಕಡೇಕೇ ತಿರುಗಿಸಿಟ್ಟಿದ್ದೆ, ಇವತ್ತು ರಾತ್ರಿ ಬಂದು ಚೂರು ಚಿಮುಕಿಸೋಣ ಅಂತ. ನಾಲ್ಕು ಗಂಟೆ ನೀರು ಹರಿದೈತೆ ಅಕ್ಕಾ.’

ಆಗ ನನಗೆ ಅರ್ಥವಾಯಿತು. ಆದರೆ ನಾನು ಹೇಳಿದ್ದೇ ಬೇರೆ. ‘ಹನ್ನೆರಡಾದ್ಮೇಲೆ ಅದು ಭಾನುವಾರ ಕಣಮ್ಮ. ನಿನ್ನ ದಿನವೇ. ನಾಲ್ಕು ಗಂಟೆ ಈಗ ಬಂತು, ಇನ್ನು ಎರಡು ಗಂಟೆ ಇವತ್ತು ರಾತ್ರಿ ಹತ್ತರಿಂದ ಬರುತ್ತೆ. ಲೆಕ್ಕ ಹಾಕಿ ನೋಡು, ಒಟ್ಟು ಆರು ಗಂಟೆಯೇ. ನಿನಗೇನೂ ಕಮ್ಮಿ ಆಗಿಲ್ಲ.’

‘ನಿಮ್ಮ ಬೀರೂರಲ್ಲಿ ಭಾನುವಾರ ಕತ್ಲಲ್ಲಿ ಹುಟ್ತದಾ ಅಕ್ಕಾ?’ ಎಂದು ಕೇಳಿ ಫೋನ್ ಇಟ್ಟಳು.

ಇಲ್ಲಿಯವರೆಗೆ ಆದದ್ದು ತಪ್ಪು. ಇನ್ನು ಮುಂದೆ ಮಾಡಿದ್ದಕ್ಕೆ ಬೇರೆ ಹೆಸರಿದೆ. ಮಧ್ಯಾಹ್ನದ ರೈಲಿಗೆ ಹೋಗಿದ್ದರೆ ಆ ರಾತ್ರಿಯದನ್ನಾದರೂ ತಡೆಯಬಹುದಿತ್ತು. ಫೋನಿನಲ್ಲೇ ಹೇಳಿ ಹಳೆಯ ಕೀಲಿಯಿಂದ ವಾಲ್ ತಿರುಗಿಸಿ, ಪೆಟ್ಟಿಗೆ ಆರಿಸಿಬಿಡಿ ಎಂದಿದ್ದರೂ ಸಾಕಿತ್ತು. ನಾನು ಏನೂ ಮಾಡಲಿಲ್ಲ. ಪುಕ್ಕಟೆ ಮಾಡಿಕೊಟ್ಟ ನನಗೇ ಅನ್ನುತ್ತಾಳಲ್ಲ ಎಂದು ಉರಿದುಕೊಂಡು, ಇಡೀ ಭಾನುವಾರ ಮನೆಯ ಬೀರು ಖಾಲಿ ಮಾಡಿ ಮತ್ತೆ ತುಂಬಿದೆ. ಗಂಡ ಎರಡು ಸಲ ‘ಹೋಗಿ ಬರೋಣ ನಡಿ’ ಎಂದರು. ‘ಲೆಕ್ಕ ಸರಿಯಿದೆ’ ಎಂದೆ. ಆ ರಾತ್ರಿ ಹತ್ತಕ್ಕೆ ಶುರುವಾದ ಮೋಟಾರು, ಸೋಮವಾರ ಹುಟ್ಟಿತೆಂದು ತಿಳಿದು ಹನ್ನೆರಡಕ್ಕೆ ನಿಂತಿತು. ಮಡಿ ಹೋದರೂ ಮಿಕ್ಕ ಹೊಲವನ್ನಾದರೂ ಹಾಯಿಸೋಣ ಎಂದು ಸಲಿಕೆ ಹಿಡಿದು ನಿಂತಿದ್ದವಳು ಅರ್ಧಕ್ಕೇ ವಾಪಸು ಹೋದಳು. ಇದನ್ನು ನನಗೆ ಸೋಮವಾರ ಬೆಳಿಗ್ಗೆ ಹೇಳಿದವರು ದೊಡ್ಡಪ್ಪ. ‘ಬೋರ್ ಲಾರಿಯೋನಿಗೆ ಹೇಳವ್ಳಂತೆ. ಬುಧವಾರ ಬತ್ತಾನಂತೆ’ ಎಂದು ಸೇರಿಸಿ, ‘ನೀನು ಒಂದ್ಸಲ ಬಂದೋಗು’ ಎಂದರು, ಅಷ್ಟೇ.

ರಜೆ ಹಾಕಿ ಹೋದೆ. ದೊಡ್ಡಪ್ಪ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಬೈಯದೆ, ದೊಡ್ಡಮ್ಮ ಕೊಟ್ಟ ಕಾಫಿ ನಾನು ಕುಡಿದು ಮುಗಿಸಿದ ಮೇಲೆ ಕೇಳಿದರು.

‘ನಾನು ವಾಲ್ ತಿರುಗಿಸ್ತಿದ್ದುದು ಯಾವಾಗ?’

‘ಬೆಳಿಗ್ಗೆ. ಅಂಗೈ ಗೆರೆ ಕಾಣೋ ಹೊತ್ತಿಗೆ.’

‘ನಿನ್ನ ಪೆಟ್ಟಿಗೆ ಎರಡು ತಿಂಗ್ಳು ತಿರುಗಿಸಿದ್ದು?’

‘ಅದೇ ಹೊತ್ತಿಗೆ.’

‘ಮತ್ತೆ ಅದಕ್ಕೆ ಯಾರು ಹೇಳಿಕೊಟ್ಟಿದ್ರು?’

ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಕೂತೇ ನನಗೆ ಎಲ್ಲ ಬಿಡಿಸಿಕೊಂಡಿತು. ಲಂಡನ್ನಿನ ಕಡೆ ನಡುರಾತ್ರಿ ಹನ್ನೆರಡಾಗಿ ತಾರೀಖು ಬದಲಾಗುವಾಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ನಮ್ಮೂರಿನಲ್ಲಿ ದಿನ ಬದಲಾಗುವುದೂ ಸುಮಾರು ಅದೇ ಹೊತ್ತಿಗೆ. ಮೊದಲ ಪೆಟ್ಟಿಗೆ ಗಡಿಯಾರ ತಪ್ಪಿ ನಮ್ಮ ಬಾವಿಯ ಪದ್ಧತಿಯನ್ನು ಕೂದಲೆಳೆ ಆಚೀಚೆ ಆಗದಂತೆ ನಡೆಸಿತ್ತು. ನಾನು ಗಡಿಯಾರ ಸರಿಮಾಡಿ ಪದ್ಧತಿಯನ್ನು ಮುರಿದಿದ್ದೆ. ಹುಟ್ಟಿದಾಗಿನಿಂದ ನನಗೂ ರಾತ್ರಿ ಎರಡು ಗಂಟೆ ಎಂದರೆ ಹಿಂದಿನ ದಿನದ್ದೇ ರಾತ್ರಿ. ನೀಲಿ ಪರದೆಯ ಮುಂದೆ ಕೂತ ಕೂಡಲೇ ಅದನ್ನು ಮರೆತಿದ್ದೆ. ಸಾವಿರ ಪ್ರಶ್ನೆಗೆ ಉತ್ತರ ಕೊಟ್ಟವಳು, ದಿನ ಯಾವಾಗ ಶುರುವಾಗುತ್ತದೆ ಎಂಬ ಒಂದನ್ನು ಯಾರನ್ನೂ ಕೇಳಿರಲಿಲ್ಲ. ಆ ಪಟ್ಟಿಯಲ್ಲಿ ಅದಕ್ಕೊಂದು ಚೌಕವೂ ಇರಲಿಲ್ಲ.

‘ದೊಡ್ಡಪ್ಪ, ತಪ್ಪು ನಂದೇ’ ಎಂದೆ.

‘ನನಗೇಳಿದ್ರೆ ಏನ್ ಬಂತು? ಬಾವಿ ಹತ್ರ ಎಲ್ರೂ ಕೂತವ್ರೆ, ಅಲ್ಲೋಗಿ ಹೇಳು.’

ಚಪ್ಪಡಿ ಕಲ್ಲಿನ ಹತ್ತಿರ ಆವತ್ತು ಯಾರೂ ಎಲೆ ಅಡಿಕೆ ಹಾಕಿಕೊಂಡಿರಲಿಲ್ಲ. ಕೊನೆಯ ಮನೆಯಾಕೆ ಕೂರದೆ, ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದಳು. ನೀನು ಕೊರೆಸಿದರೆ ನಾವೂ ಕೊರೆಸುತ್ತೇವೆ ಎಂದು ಇಬ್ಬರು ಆಗಲೇ ಹೇಳಿಯಾಗಿತ್ತಂತೆ. ನಾನು ತರಗತಿಯಲ್ಲಿ ಅರವತ್ತು ಜನರ ಮುಂದೆ ನಿಂತು ಮಾತಾಡುವವಳು. ಅಲ್ಲೂ ಪಾಠದ ಧಾಟಿಯಲ್ಲೇ ಲಂಡನ್ನು, ಐದೂವರೆ ಗಂಟೆ ಎಂದೆಲ್ಲ ಶುರು ಮಾಡಿ, ಯಾರ ಮುಖವೂ ಅರಳದ್ದು ನೋಡಿ ನಿಲ್ಲಿಸಿದೆ. ‘ಪೆಟ್ಟಿಗೆ ಸರಿಯಾಗೇ ಇತ್ತು. ಜಂಬಕ್ಕೆ ಬಿದ್ದು ನಾನು ಕೆಡಿಸಿದೆ. ಭಾನುವಾರ ಇವಳು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿತ್ತು, ಆದರೂ ಒಪ್ಪಿಕೊಳ್ಳಲಿಲ್ಲ, ಬರಲೂ ಇಲ್ಲ’ ಎಂದೆ. ಕೊನೆಯ ಮಾತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಬಾವಿಗೆ ಒಂದು ಹಳೆಯ ಕಟ್ಟಳೆಯಿದೆ. ಯಾರಿಂದ ಸರದಿ ತಪ್ಪಿತೋ ಅವರು ತಮ್ಮ ಮುಂದಿನ ಸರದಿಯನ್ನು ನಷ್ಟವಾದವರಿಗೆ ಬಿಟ್ಟುಕೊಟ್ಟು, ಆ ಹೊಲದಲ್ಲಿ ತಾವೇ ಸಲಿಕೆ ಹಿಡಿದು ನೀರು ಹಾಯಿಸಬೇಕು. ಮದುವೆಯಾಗಿ ಹೋದ ನನಗೆ ಬಿಟ್ಟುಕೊಡಲು ಸರದಿಯೇ ಇಲ್ಲ. ದೊಡ್ಡಪ್ಪ ಅದನ್ನು ಆಗಲೇ ಯೋಚಿಸಿ, ಗುರುವಾರದ ನೀರು ಅವಳಿಗೆ ಎಂದು ಹೇಳಿ ಕಳಿಸಿದ್ದರು. ‘ಸಲಿಕೆ ನಾನು ಹಿಡೀತೀನಿ’ ಎಂದೆ. ಯಾರೋ ಒಬ್ಬರು ಮೆಲ್ಲಗೆ ನಕ್ಕರು. ಅವಳು ನಗಲಿಲ್ಲ. ಆದರೆ ಮೊಬೈಲ್ ತೆಗೆದು ದೂರ ಹೋಗಿ ಮಾತಾಡಿ ಬಂದು, ‘ಬುಧವಾರ ಬ್ಯಾಡ, ಆಮೇಲೆ ಹೇಳ್ತೀನಿ ಅಂದಿದೀನಿ’ ಎಂದಳು. ಪೂರ್ತಿ ಬೇಡ ಎನ್ನಲಿಲ್ಲ ಎಂಬುದು ಎಲ್ಲರಿಗೂ ಕೇಳಿಸಿತು.

ಪೆಟ್ಟಿಗೆಯನ್ನು ಕಳಚಿಕೊಂಡು ಬಂದೆ. ಮಂಗಳವಾರ, ಬುಧವಾರ ಎರಡು ದಿನ ದೊಡ್ಡಪ್ಪನ ಕೀಲಿಯಿಂದ ಎಲ್ಲರೂ ಸೇರಿ ನಿಂತು ವಾಲ್ ತಿರುಗಿಸಿದರಂತೆ. ಸಮಯದ ಪಟ್ಟಿಯನ್ನು ತೆಗೆದುಹಾಕಿ ಮತ್ತೆ ಮೊದಲಿನಂತೆ ಮಾಡಬಹುದಿತ್ತು, ಆದರೆ ಅದೃಷ್ಟದ ಮೇಲೆ ಬಾವಿ ನಡೆಸುವುದು ನನಗೆ ಹಿಡಿಸಲಿಲ್ಲ. ಪಟ್ಟಿ ಇರಲಿ ಎಂದು ಬಿಟ್ಟು, ವಾಲ್ ತೆರೆಯುವ ಪ್ರೋಗ್ರಾಮಿನಲ್ಲಿ, ದಿನ ಶುರುವಾಗುವುದು ಹನ್ನೆರಡಕ್ಕಲ್ಲ, ಬೆಳಗಿಗೆ ಎಂದು ಒಂದು ಸಾಲು ಸೇರಿಸಿದೆ. ಅದಕ್ಕೊಂದು ಅಂಕಿ ಬೇಕಲ್ಲ, ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. ಅಂಗೈ ಗೆರೆ ಕಾಣುವ ಹೊತ್ತು ಬೇಸಿಗೆಯಲ್ಲೊಂದು, ಚಳಿಗಾಲದಲ್ಲೊಂದು, ಯಾವುದು ಹಾಕಲಿ? ‘ಆ ಹೊತ್ತಲ್ಲಿ ಹೊಲದ ಕರೆಂಟೇ ಇರಲ್ಲ, ಯಾವ್ದಾದ್ರೂ ಹಾಕ್ಕೊಳೇ’ ಎಂದರು. ಐದೂವರೆ ಹಾಕಿದೆ.

ಮಂಗಳವಾರದಿಂದ ಕರೆಂಟು ಹಗಲಿಗೆ ಬಂದಿತ್ತು. ಗುರುವಾರ ಬೆಳಿಗ್ಗೆ ಪೆಟ್ಟಿಗೆ ಕೂರಿಸಿ, ಅದರ ಗುರುವಾರದ ಜಾಗದಲ್ಲಿ ಒಂದು ದಿನದ ಮಟ್ಟಿಗೆ ಕೊನೆಯ ಮನೆಯ ವಾಲ್ ಎಂದು ಬರೆದು, ಸೀರೆ ಎತ್ತಿ ಕಟ್ಟಿ ಹೊಲಕ್ಕಿಳಿದೆ. ಮಡಿಯ ಗತಿ ಆಗ ಕಣ್ಣಾರೆ ನೋಡಿದೆ. ಕಪ್ಪು ಮಣ್ಣು ಕೆನೆಗಟ್ಟಿ ಒಣಗಿ ಬಿರಿದಿತ್ತು. ಹಸಿರು ಎಳೆಗಳು ಒಂದು ಮೂಲೆಗೆ ಗುಡಿಸಿಟ್ಟ ಹಾಗೆ ಬಿದ್ದು ಕೊಳೆತಿದ್ದವು. ಒಟ್ಟು ಆರು ಗಂಟೆಯೇ ಎಂದು ಫೋನಿನಲ್ಲಿ ಹೇಳಿದ ಮಾತು ನೆನಪಾಯಿತು. ಅವಳು ಸಲಿಕೆ ಕೈಗಿತ್ತಳು.

ನೀರು ಹಾಯಿಸುವುದು ನಾನು ಅಂದುಕೊಂಡಂತೆ ಸುಮ್ಮನೆ ನಿಲ್ಲುವ ಕೆಲಸವಲ್ಲ. ಒಂದು ಪಾತಿ ತುಂಬುವಷ್ಟರಲ್ಲಿ ಮುಂದಿನದರ ಬಾಯಿ ಬಿಡಿಸಬೇಕು, ಹಿಂದಿನದನ್ನು ಮುಚ್ಚಬೇಕು, ಅಷ್ಟರಲ್ಲಿ ನೀರು ಇನ್ನೆಲ್ಲೋ ಬಿಲ ಹುಡುಕಿಕೊಂಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಗೆರೆ ಯಾವುದೂ ಕಾಣುತ್ತಿರಲಿಲ್ಲ. ‘ಅಕ್ಕಾ, ಸಲಿಕೆ ಬರೆಯೋ ಪೆನ್ ಅಲ್ಲ, ತಗ್ಗಿಸಿ ಹಿಡ್ಕಳ್ರಿ’ ಎಂದು ಅವಳು ಮೊದಲ ಸಲ ನಕ್ಕಳು. ಆಮೇಲೆ ಇಬ್ಬರೂ ಬದುವಿನ ಮೇಲೆ ಕೂತು ಅವಳು ತಂದ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿಂದೆವು. ಮಡಿಯನ್ನು ಕೆದಕಿ ಮತ್ತೆ ಬೀಜ ಹಾಕಿದರೆ ಹಂಗಾಮು ತಪ್ಪುತ್ತದೆ ಎಂದಳು. ‘ನೋಡಾನ’ ಎಂದು ಎದ್ದಳು.

ತಿಂಗಳು ಕಳೆದ ಮೇಲೆ ಒಂದು ಸೋಮವಾರ ಊರಿನಲ್ಲಿ ಈರುಳ್ಳಿ ಸಸಿ ಕೀಳುವ ಸಮಯ. ದೊಡ್ಡಪ್ಪ ನನ್ನನ್ನು ಬರಹೇಳಿದ್ದರು. ಊರಿನವರು ಯಾರೋ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುತ್ತು ದಾರಿಯಲ್ಲಿ ಬಾವಿಯ ಹತ್ತಿರ ಕರೆತಂದರು. ಚಪ್ಪಡಿ ಕಲ್ಲಿನ ಮೇಲೆ ಗೋಣಿತಟ್ಟು ಹಾಸಿ, ಅದರ ಮೇಲೆ ಐದೂ ಮನೆಯವರು ತಮ್ಮ ತಮ್ಮ ಒಟ್ಲಿನಿಂದ ಕಿತ್ತ ಸಸಿಯ ಕಟ್ಟುಗಳನ್ನು ತಂದು ಇಟ್ಟಿದ್ದರು. ಎಲ್ಲರೂ ಒಟ್ಲು ಹಾಕುವಾಗ ಒಂದು ಹಿಡಿ ಬೀಜ ಜಾಸ್ತಿಯೇ ಹಾಕಿರುತ್ತಾರೆ, ಅದು ನನಗೆ ಗೊತ್ತಿತ್ತು. ಅಷ್ಟನ್ನೂ ಅವಳಿಗಾಗಿ ಎತ್ತಿಟ್ಟಿದ್ದು ಗೊತ್ತಿರಲಿಲ್ಲ. ಅವಳ ಪೂರ್ತಿ ಹೊಲಕ್ಕೆ ಆಗದಿದ್ದರೂ ಮುಕ್ಕಾಲಿಗೆ ಮೋಸವಿಲ್ಲ ಎಂದು ಯಾರೋ ಅಂದಾಜು ಹೇಳಿದರು.

ದೊಡ್ಡಪ್ಪ ಪಕ್ಕದಲ್ಲಿಟ್ಟುಕೊಂಡಿದ್ದ ಕಬ್ಬಿಣದ ಕೀಲಿ ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡರು. ಪೆಟ್ಟಿಗೆ ನನ್ನದು, ತಪ್ಪು ಒಪ್ಪಿ ತಿದ್ದಿದ್ದೂ ನಾನು, ನಾನು ಆರು ಮನೆಯಲ್ಲಿ ಯಾರ ಪಾಲಿಗೂ ಸೇರದವಳು. ಅದು ನನಗೇ ಬರುತ್ತದೆ ಎಂದು ಒಳಗೊಳಗೆ ಆಸೆಪಟ್ಟಿದ್ದೆ, ಸುಳ್ಳು ಹೇಳುವುದಿಲ್ಲ.

‘ಬಾರವ್ವ ಇಲ್ಲಿ’ ಎಂದು ಅವರು ಕರೆದದ್ದು ಕೊನೆಯ ಮನೆಯಾಕೆಯನ್ನು. ‘ಪೆಟ್ಟಿಗೆ ತಪ್ಪಿದ್ರೆ ಮೊದ್ಲು ಗೊತ್ತಾಗೋದು ನಿನಗೇ. ಕೊನೇ ಸರದಿ ನಿಂದು, ಹೊತ್ತು ತಪ್ಪಿದ್ರೆ ನೀರು ನಿಲ್ಲೋದು ನಿನಗೆ. ಇದು ನಿನ್ನ ಹತ್ರ ಇರ್ಲಿ. ನಮ್ಮ ಹುಡುಗಿ ಮಿಷನ್ನು ಏನೇ ಅನ್ಲಿ, ನಿನಗೆ ತಪ್ಪು ಅನ್ನಿಸಿದ್ರೆ ಹೋಗಿ ತಿರುಗ್ಸು. ಯಾರೂ ಕೇಳಾಕಿಲ್ಲ.’ ಕೊನೆಯ ಮಾತನ್ನು ಉಳಿದವರ ಕಡೆ ನೋಡಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಮೂರು ಸೋಮವಾರ ಕೂತು ಮುಗಿಯದ ಮಾತು ಅಷ್ಟರಲ್ಲಿ ಮುಗಿದಿತ್ತು.

ಅವಳು ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೀಲಿ ತೆಗೆದುಕೊಂಡಳು. ಸ್ವಲ್ಪ ಹೊತ್ತು ಅದರ ತೂಕ ನೋಡುವವಳಂತೆ ಹಿಡಿದು ನಿಂತು, ಆಮೇಲೆ ಮೊಬೈಲ್ ತೆಗೆದಳು. ಈ ಸಲ ದೂರ ಹೋಗಲಿಲ್ಲ. ‘ಅಣ್ಣಾ, ಬೋರಿಗೆ ಹೇಳಿದ್ನಲ್ಲ, ಬ್ಯಾಡ. ಇನ್ನು ಬ್ಯಾಡ್ವೇ ಬ್ಯಾಡ ಕಣಣ್ಣ’ ಎಂದಳು. ದೊಡ್ಡಪ್ಪ ಎಲೆ ಅಡಿಕೆ ಸಂಚಿ ಬಿಚ್ಚಿದರು.

ನನಗೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚಿನ ಜೊತೆಗೇ, ಬಾವಿ ಉಳಿಸಿದವಳು ನಾನೇ ಎಂದು ಎಷ್ಟೋ ದಿನದಿಂದ ಹೊತ್ತಿದ್ದ ಭ್ರಮೆಯೊಂದು ಇಳಿದು ಹಗುರವೂ ಆಯಿತು. ಸಸಿಯ ಎರಡು ಕಟ್ಟು ಎತ್ತಿಕೊಂಡು ಅವಳ ಹಿಂದೆ ಹೊಲಕ್ಕೆ ನಡೆದೆ.